ಕ್ಲಿನಿಕ್ ತುಂಬಿದೆ, ಮುಂದೇನು? ಎರಡನೇ ಚೇರೋ, ಹೊಸ ಯಂತ್ರವೋ, ಇನ್ನೊಂದು ಶಾಖೆಯೋ

ಹಲ್ಲಿನ ಕ್ಲಿನಿಕ್ ತೆರೆದು ನಾಲ್ಕೈದು ವರ್ಷವಾದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಸಂಜೆಯಾದರೆ ಕೂರಲು ಜಾಗವಿಲ್ಲ, ಹೊಸಬರಿಗೆ ಹತ್ತು ದಿನ ಬಿಟ್ಟು ಅಪಾಯಿಂಟ್‌ಮೆಂಟ್, ಆದರೂ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಚಿಕಿತ್ಸೆಗೆ ಕೂರಿಸುವ ಚೇರ್ ಇನ್ನೊಂದು ಹಾಕಲೇ? ದವಡೆಯ ಮೂರು ಆಯಾಮದ ಎಕ್ಸ್‌ರೇ ತೆಗೆಯುವ ಸಿಬಿಸಿಟಿ ಯಂತ್ರ ತರಲೇ? ಬೇರೆ ಕಡೆ ಇನ್ನೊಂದು ಬೋರ್ಡ್ ಏರಿಸಲೇ? ಯಂತ್ರ ಮಾರುವವರು ಆಗಾಗ ಬಂದು ಕಂತಿನ ಲೆಕ್ಕ ತೋರಿಸಿ ಹೋಗುತ್ತಾರೆ. ಅವರ ಲೆಕ್ಕದಲ್ಲಿ ಚೇರ್ ಯಾವತ್ತೂ ಖಾಲಿ ಇರುವುದಿಲ್ಲ.

ಈ ದಾರಿಗಳಲ್ಲಿ ಕೆಲವನ್ನು ನಾನೇ ನಡೆದು ನೋಡಿದ್ದೇನೆ, ಒಂದರಲ್ಲಿ ಚೆನ್ನಾಗಿಯೇ ಎಡವಿದ್ದೇನೆ. ಹಾಗಾಗಿ ಇಲ್ಲಿರುವುದು ತೀರಾ ನಿಷ್ಪಕ್ಷಪಾತ ಹೋಲಿಕೆಯೇನಲ್ಲ. ನನ್ನ ಒಲವು ಯಾವ ಕಡೆಗೆ ಎಂಬುದು ಓದುತ್ತಾ ಹೋದಂತೆ ನಿಮಗೇ ತಿಳಿಯುತ್ತದೆ.

ಅಳೆಯುವುದು ಯಾವುದರಿಂದ

ಮೊದಲನೆಯದು, ಕೆಲಸ ಎಲ್ಲಿ ಸಿಕ್ಕಿಕೊಳ್ಳುತ್ತಿದೆ? ಚೇರ್ ಸಾಲುತ್ತಿಲ್ಲವೋ, ನಿಮ್ಮ ಎರಡು ಕೈ ಸಾಲುತ್ತಿಲ್ಲವೋ, ಸಹಾಯಕರು ಸಾಲುತ್ತಿಲ್ಲವೋ, ಅಥವಾ ಹೇಳಿದ ಚಿಕಿತ್ಸೆಗೆ ಜನ ಒಪ್ಪುತ್ತಲೇ ಇಲ್ಲವೋ? ನಾಲ್ಕೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ನಾಲ್ಕಕ್ಕೂ ಮದ್ದು ಬೇರೆ.

ಎರಡನೆಯದು, ರೋಗಿ ಬರಲಿ ಬಿಡಲಿ ತಿಂಗಳಿಗೆ ಕಟ್ಟಲೇಬೇಕಾದ ಖರ್ಚು ಎಷ್ಟು ಏರುತ್ತದೆ? ಮೂರನೆಯದು, ಸರಿಹೋಗದಿದ್ದರೆ ಹಿಂದಕ್ಕೆ ಬರಲು ಆಗುತ್ತದೆಯೇ? ಸಂಜೆಯ ಸಮಯ ಬದಲಿಸಿದ್ದನ್ನು ನಾಳೆಯೇ ವಾಪಸ್ ಮಾಡಬಹುದು, ಐದು ವರ್ಷದ ಬಾಡಿಗೆ ಕರಾರನ್ನು ಹಾಗೆ ಮಾಡಲಾಗದು. ನಾಲ್ಕನೆಯದು, ನೀವು ಒಂದು ವಾರ ಮಲಗಿಬಿಟ್ಟರೆ ಆ ಹೊಸ ಆದಾಯ ನಿಲ್ಲುತ್ತದೆಯೋ, ನಡೆಯುತ್ತದೆಯೋ? ಕುತ್ತಿಗೆ ನೋವು, ಸೊಂಟ ನೋವು ನಮ್ಮ ವೃತ್ತಿಯ ಜೊತೆಗೇ ಬಂದ ಆಸ್ತಿ. ಮೂವತ್ತರಲ್ಲಿ ಇದು ಪ್ರಶ್ನೆಯೇ ಅಲ್ಲ ಅನ್ನಿಸುತ್ತದೆ, ನಲವತ್ತೈದರಲ್ಲಿ ಇದೊಂದೇ ಪ್ರಶ್ನೆ ಅನ್ನಿಸುತ್ತದೆ.

ಇವಕ್ಕೆ ಉತ್ತರ ಊಹೆಯಿಂದ ಬರಬಾರದು. ನಾಲ್ಕು ವಾರ ಚೇರ್ ಪಕ್ಕದಲ್ಲಿ ಒಂದು ಸಾದಾ ನೋಟ್‌ಬುಕ್ ಇಟ್ಟು, ಅರ್ಧ ಗಂಟೆಗೊಂದು ಗೆರೆ ಹಾಕಿಸಿ: ಕೆಲಸ ನಡೆಯಿತು, ಹೇಳಿದವರು ಬರಲಿಲ್ಲ, ಯಾರನ್ನೂ ಹಾಕಿರಲಿಲ್ಲ, ಸಾಮಾನು ರೆಡಿಯಾಗಲಿಲ್ಲ ಅಂತ ಕಾದೆವು. ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ ತೆರೆದ ಕ್ಲಿನಿಕ್ ಅಂದರೆ 48 ಗಂಟೆ. ನಾನು ಮೊದಲ ಸಲ ಎಣಿಸಿದಾಗ ನಿಜವಾಗಿ ಕೆಲಸ ನಡೆದದ್ದು 29 ಗಂಟೆ. ಸಂಜೆ ಐದರ ನಂತರದ ಗಲಾಟೆ ನೋಡಿ ಕ್ಲಿನಿಕ್ ತುಂಬಿದೆ ಅಂದುಕೊಂಡಿದ್ದೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಆ ಚೇರ್ ಮೇಲೆ ಹೆಚ್ಚಾಗಿ ಕೂರುತ್ತಿದ್ದವನು ನಾನೇ, ಮೊಬೈಲ್ ಹಿಡಿದುಕೊಂಡು.

ಇನ್ನೊಂದು ಲೆಕ್ಕ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ. ಸಾಮಾನ್ಯ ಹಲ್ಲಿನ ಕ್ಲಿನಿಕ್‌ನಲ್ಲಿ 100 ಬಂದರೆ 60ರ ಆಸುಪಾಸು ಖರ್ಚಿಗೇ ಹೋಗುತ್ತದೆ ಎಂಬುದು ವೃತ್ತಿಯಲ್ಲಿ ಎಲ್ಲರೂ ಹೇಳುವ ಮಾತು. ಅದರಲ್ಲಿ ಕ್ಯಾಪ್, ಹಲ್ಲಿನ ಸೆಟ್ ಮಾಡಿಕೊಡುವ ಲ್ಯಾಬ್‌ನ ಬಿಲ್ಲು, ಸಿಮೆಂಟು, ಗ್ಲೌಸು, ರೂಟ್ ಕೆನಾಲ್‌ಗೆ ಬಳಸುವ ಫೈಲು ಇತ್ಯಾದಿ ರೋಗಿ ಬಂದರಷ್ಟೇ ಆಗುವ ಖರ್ಚು 20 ಅಂತಿಟ್ಟುಕೊಳ್ಳಿ. ಉಳಿದ 40 ಬಾಡಿಗೆ, ಸಂಬಳ, ಕರೆಂಟು, ಕಂತು. ಅಂದರೆ ಖಾಲಿ ಹೋಗುತ್ತಿದ್ದ ಗಂಟೆಯಲ್ಲಿ ಇನ್ನೊಬ್ಬ ರೋಗಿ ಬಂದು 100 ಕೊಟ್ಟರೆ ನಿಮಗೆ ಉಳಿಯುವುದು 40 ಅಲ್ಲ, 80. ಆ ಗಂಟೆಯ ಬಾಡಿಗೆಯನ್ನು ನೀವು ಆಗಲೇ ಕಟ್ಟಿಯಾಗಿದೆ. ಮುಂದಿನ ಪ್ರತಿಯೊಂದು ಆಯ್ಕೆಯನ್ನೂ ಈ 80ರ ಪಕ್ಕದಲ್ಲಿಟ್ಟು ನೋಡಿ.

ಇರುವ ಗಂಟೆಗಳನ್ನೇ ತುಂಬಿಸುವುದು

ಇದಕ್ಕೆ ಉದ್ಘಾಟನೆ ಇಲ್ಲ, ಫೋಟೋ ಇಲ್ಲ, ಆದ್ದರಿಂದ ಯಾರಿಗೂ ಇದು ಬೆಳವಣಿಗೆ ಅನ್ನಿಸುವುದಿಲ್ಲ.

ನಿಮ್ಮ ಕ್ಲಿನಿಕ್‌ನ ಲ್ಯಾಬ್ ಡ್ರಾಯರ್ ತೆರೆದು ನೋಡಿ. ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳು, ಮೇಲೆ ಹೆಸರು, ತಾರೀಖು. ರೂಟ್ ಕೆನಾಲ್ ಆಗಿದೆ, ಅಳತೆ ತೆಗೆದಾಗಿದೆ, ಕ್ಯಾಪ್ ಲ್ಯಾಬ್‌ನಿಂದ ಬಂದು ಕೂತಿದೆ, ರೋಗಿ ಮಾತ್ರ ನಾಪತ್ತೆ. ಲ್ಯಾಬ್‌ಗೆ ದುಡ್ಡು ಕೊಟ್ಟದ್ದು ನೀವು. ಹಲ್ಲಿನ ಸೆಟ್ ಕೂರಿಸಿಕೊಳ್ಳದೆ ಹೋದವರೂ ಇರುತ್ತಾರೆ. ನಾನು ಎಣಿಸಿದ ದಿನ 14 ಡಬ್ಬಿಗಳಿದ್ದವು. ನೋವು ಹೋದ ಮೇಲೆ ಹಲ್ಲಿನ ಡಾಕ್ಟರ ನೆನಪು ಯಾರಿಗಿರುತ್ತದೆ? ಹಾಗಂತ ಫೋನ್ ಮಾಡುವುದು ವ್ಯಾಪಾರ ಕುದುರಿಸುವ ಕೆಲಸ ಅಂತ ಮುಜುಗರಪಡಬೇಕಿಲ್ಲ. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಕ್ಯಾಪ್ ಇಲ್ಲದಿದ್ದರೆ ಸೀಳುವ ಅಪಾಯವಿದೆ, ಸೀಳಿದರೆ ಕೀಳುವುದೇ ಗತಿ, ಆಗ ಅವರು ಬೈಯುವುದು ನಿಮ್ಮನ್ನೇ. ಮತ್ತೆ ಅಳತೆ ತೆಗೆಯಬೇಕಾಗಿ ಬಂದರೂ ಸರಿ, ಕರೆಯುವುದು ಅವರಿಗೂ ಒಳ್ಳೆಯದು.

ಹೀಗೇ ಇನ್ನೂ ಮೂರು ಕೆಲಸಗಳಿವೆ. ಹಲ್ಲು ಕ್ಲೀನ್ ಮಾಡಿಸಿಕೊಂಡವರನ್ನು ‘ಆರು ತಿಂಗಳು ಬಿಟ್ಟು ಬನ್ನಿ’ ಅಂದು ಕಳಿಸದೆ, ಎದ್ದು ಹೋಗುವ ಮೊದಲೇ ತಾರೀಖು ಬರೆದುಕೊಡುವುದು. ವಸಡಿನ ತೊಂದರೆ ಇದ್ದವರಿಗೆ ಆರರ ಬದಲು ಮೂರು ತಿಂಗಳು. ಹಿಂದಿನ ಸಂಜೆ ನೆನಪಿನ ಮೆಸೇಜು ಕಳಿಸಿ, ಉತ್ತರ ಬಾರದವರಿಗೆ ಬೆಳಿಗ್ಗೆ ಫೋನು. ಒಂದೂವರೆ ಗಂಟೆಯ ಕೆಲಸಕ್ಕೆ ಮೊದಲೇ ಸ್ವಲ್ಪ ಹಣ ಕಟ್ಟಿಸಿಕೊಳ್ಳುವುದು. ಕೊನೆಯದಕ್ಕೆ ಜನ ಬೇಸರಿಸುತ್ತಾರೆ ಅಂತ ವರ್ಷಗಟ್ಟಲೆ ಹಿಂಜರಿದಿದ್ದೆ. ಬೇಸರಿಸಿದವರು ಬಹುಪಾಲು ಹಿಂದೆಯೂ ಬಾರದೆ ಕೈಕೊಟ್ಟವರೇ ಆಗಿದ್ದರು.

ಮಧ್ಯಾಹ್ನದ ಖಾಲಿಗೆ ಉಪಾಯವೆಂದರೆ ಉದ್ದದ ಕೆಲಸಗಳನ್ನು ಅಲ್ಲಿಗೆ ತಳ್ಳುವುದು. ಸಂಜೆ ಆರೂವರೆಗೆ ದವಡೆ ಹಲ್ಲಿನ ರೂಟ್ ಕೆನಾಲ್ ಹಿಡಿದು ಕೂತರೆ ಹೊರಗೆ ನಾಲ್ವರು ಗಡಿಯಾರ ನೋಡುತ್ತಾರೆ. ಅದೇ ಕೆಲಸ ಎರಡು ಗಂಟೆಗೆ ನಿಧಾನವಾಗಿ, ಚೆನ್ನಾಗಿ ಆಗುತ್ತದೆ. ಕಚೇರಿ ಬಿಟ್ಟು ಬರಲಾಗದವರು ಇದ್ದೇ ಇರುತ್ತಾರೆ, ಸಂಜೆ ಅವರಿಗಿರಲಿ.

ಇದರ ಮಿತಿಯೂ ಸ್ಪಷ್ಟ. ಎಲ್ಲವೂ ನಿಮ್ಮ ಕೈಯಿಂದಲೇ ಆಗಬೇಕು. 48ರಲ್ಲಿ 40 ಗಂಟೆ ಮುಟ್ಟಿದ ಮೇಲೆ ಇನ್ನೂ ಹಿಂಡಲು ಹೋದರೆ ಬೆನ್ನು ಕೇಳುವುದಿಲ್ಲ. ಆಗ ಮುಂದಿನದನ್ನು ಯೋಚಿಸಿ.

ಎರಡನೇ ಚೇರ್

ಎರಡನೇ ಚೇರ್ ಎಂದರೆ ಎರಡು ಬೇರೆ ಬೇರೆ ನಿರ್ಧಾರಗಳು, ಜನ ಇವನ್ನು ಒಂದೇ ಅಂತ ಕಲಸಿಬಿಡುತ್ತಾರೆ.

ಒಂದು, ಡಾಕ್ಟರ್ ನೀವೊಬ್ಬರೇ, ಚೇರ್ ಎರಡು. ಕೆಳದವಡೆಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಲು ಐದಾರು ನಿಮಿಷ ಕಾಯುವಾಗ ಪಕ್ಕದ ಚೇರ್‌ನಲ್ಲಿ ಹೊಲಿಗೆ ಬಿಚ್ಚಬಹುದು, ಕ್ಲಿಪ್ ಹಾಕಿಸಿಕೊಂಡ ಹುಡುಗಿಯ ತಂತಿ ನೋಡಬಹುದು. ಒಂದರಲ್ಲಿ ಕೆಲಸ ಮುಗಿದು ಒರೆಸಿ ಸ್ವಚ್ಛ ಮಾಡುವಷ್ಟರಲ್ಲಿ ಇನ್ನೊಂದರಲ್ಲಿ ರೋಗಿ ಕೂತಿರುತ್ತಾರೆ. ಒಬ್ಬ ಒಳ್ಳೆಯ ಸಹಾಯಕರು ಹೆಚ್ಚುವರಿಯಾಗಿ ಬೇಕು, ಅಷ್ಟೇ. ಇಲ್ಲಿ ಹೊಸ ಖರ್ಚು ಕಡಿಮೆ, ಬರುವ 100ರಲ್ಲಿ 80ರ ಹತ್ತಿರ ನಿಮ್ಮದೇ. ಆದರೆ ದಿನದ ಕೊನೆಗೆ ತಲೆ ಬಿಸಿಯಾಗುತ್ತದೆ, ರೋಗಿಗೆ ‘ಡಾಕ್ಟರು ನನ್ನನ್ನು ಬಿಟ್ಟು ಓಡಾಡುತ್ತಿದ್ದಾರೆ’ ಅನ್ನಿಸಬಾರದು.

ಇನ್ನೊಂದು, ಹೊಸ ಚೇರ್‌ಗೆ ಹೊಸ ಡಾಕ್ಟರ್. ಅವರಿಗೆ ಮಾಡಿದ ಕೆಲಸದ ಶೇ. 40 ಅಂತಿಟ್ಟುಕೊಂಡರೆ 100ರಲ್ಲಿ ಸಾಮಗ್ರಿಗೆ 20, ಅವರಿಗೆ 40 ಹೋಗಿ ನಿಮಗೆ 40. ಅದರಲ್ಲಿ ಚೇರ್‌ನ ಕಂತು, ಸಹಾಯಕರ ಸಂಬಳ ಕಳೆಯಬೇಕು. ನಿಮ್ಮ ಖಾಲಿ ಗಂಟೆ ತುಂಬಿದಾಗ ಬಂದಷ್ಟು ಉಳಿಕೆ ಬರಬೇಕಾದರೆ ಇಲ್ಲಿ ಎರಡರಷ್ಟಕ್ಕಿಂತ ಹೆಚ್ಚು ಕೆಲಸ ನಡೆಯಬೇಕು. ಬದಲಿಗೆ ಸಿಗುವುದೇನೆಂದರೆ, ನೀವು ಜ್ವರ ಬಂದು ಮಲಗಿದರೂ ಕ್ಲಿನಿಕ್ ಬಾಗಿಲು ತೆರೆದಿರುತ್ತದೆ. ಅದಕ್ಕೆ ಬೆಲೆ ಇದೆ, ಆದರೆ ಅದು ಪುಕ್ಕಟೆ ಅಲ್ಲ ಎಂಬುದು ತಿಳಿದಿರಲಿ. ಶೇಕಡಾವಾರು ಕೊಡುವಾಗ ಬರೆದಿಟ್ಟುಕೊಳ್ಳಬೇಕಾದ್ದು ಮೂರು: ಲೆಕ್ಕ ಬಿಲ್ಲಿನ ಮೇಲೋ ವಸೂಲಾದ ಹಣದ ಮೇಲೋ, ಲ್ಯಾಬ್ ಬಿಲ್ಲು ಯಾರ ಪಾಲಿಗೆ, ಹಾಕಿದ ಕ್ಯಾಪ್ ಆರು ತಿಂಗಳಲ್ಲಿ ಬಿಚ್ಚಿ ಬಂದರೆ ಮತ್ತೆ ಮಾಡುವವರು ಯಾರು, ಯಾರ ಖರ್ಚಿನಲ್ಲಿ.

ನಾನು ಎಡವಿದೆ ಅಂದೆನಲ್ಲ, ಅದು ಇಲ್ಲೇ. ಚೇರ್ ಬಂತು, ಡಾಕ್ಟರೂ ಬಂದರು, ಮೊದಲ ವಾರವೇ ಸಂಜೆ ಏಳಕ್ಕೆ ಇಬ್ಬರೂ ಕೈಕಟ್ಟಿ ನಿಂತೆವು. ನನ್ನ ರೋಗಿ ಬಾಯಿ ತೆರೆದು ಮಲಗಿದ್ದಾರೆ, ಸಹಾಯಕಿ ಉಪಕರಣಗಳನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಮುಂದೆ ನಿಂತು, “ಡಾಕ್ಟ್ರೇ, ಇನ್ನೂ 18 ನಿಮಿಷ ತೋರಿಸ್ತಿದೆ” ಅಂದರು. ಹ್ಯಾಂಡ್‌ಪೀಸ್, ಅಂದರೆ ಹಲ್ಲು ಕೊರೆಯಲು ಕೈಯಲ್ಲಿ ಹಿಡಿಯುವ ಡ್ರಿಲ್, ಇದ್ದದ್ದೇ ನಾಲ್ಕು, ನಾಲ್ಕೂ ಅದರೊಳಗೆ. 134 ಡಿಗ್ರಿಯಲ್ಲಿ ಹಿಡಿದಿಡುವುದು ಮೂರ್ನಾಲ್ಕು ನಿಮಿಷ ಅಷ್ಟೇ, ಅದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಆದರೆ ಗಾಳಿ ಎಳೆದು, ಬಿಸಿಯೇರಿ, ಮತ್ತೆ ಒಣಗಿ ಹೊರಬರಲು ಮುಕ್ಕಾಲು ಗಂಟೆ. ತೊಳೆಯುವುದು, ಎಣ್ಣೆ ಬಿಡುವುದು, ಪೊಟ್ಟಣ ಕಟ್ಟುವುದು, ಆರಿಸುವುದು ಸೇರಿದರೆ ಒಂದು ಸುತ್ತಿಗೆ ಒಂದೂಕಾಲು ಗಂಟೆ. ಎರಡು ಚೇರ್‌ನಲ್ಲಿ ಗಂಟೆಗೆ ನಾಲ್ವರು ಅಂದರೆ ಆ ಒಂದೂಕಾಲು ಗಂಟೆಯಲ್ಲಿ ಐದು ಹ್ಯಾಂಡ್‌ಪೀಸ್ ಸುತ್ತಿನಲ್ಲೇ ಇರುತ್ತವೆ, ಬಾಯಲ್ಲಿ ಎರಡು. ಏಳು, ಕೆಟ್ಟರೆ ಇರಲಿ ಅಂತ ಇನ್ನೊಂದು. ಚೇರ್‌ನ ಕೊಟೇಶನ್‌ನಲ್ಲಿ ಈ ಎಂಟರ ಮಾತು ಯಾರೂ ಬರೆದಿರಲಿಲ್ಲ. ಡ್ರಿಲ್‌ಗೆ ಗಾಳಿ ಒದಗಿಸುವ ಕಂಪ್ರೆಸರ್ ಕಥೆಯೂ ಅದೇ: ಒಂದು ಚೇರ್‌ಗೆ ಕೊಂಡದ್ದನ್ನು ಎರಡಕ್ಕೆ ಜೋಡಿಸಿದರೆ ಡ್ರಿಲ್ ಮಧ್ಯದಲ್ಲಿ ಸುಸ್ತಾಗುತ್ತದೆ. ಚೇರ್ ಕೊಳ್ಳುವವರು ಹ್ಯಾಂಡ್‌ಪೀಸ್, ಆಟೋಕ್ಲೇವ್, ಕಂಪ್ರೆಸರ್, ಬಾಯಿಯ ನೀರು ಎಳೆಯುವ ಸಕ್ಷನ್ ನಾಲ್ಕನ್ನೂ ಸೇರಿಸಿ ಬೆಲೆ ಬರೆಯಿರಿ. ಅಷ್ಟು ಬೇಡವೆನಿಸಿದರೆ ಚೇರೂ ಬೇಡ.

ವಾರಕ್ಕೊಮ್ಮೆ ಬರುವ ತಜ್ಞರು

ಬಜೆಟ್ ಚಿಕ್ಕದಿದ್ದವರು ಚೇರ್‌ಗಿಂತ ಮೊದಲು ನೋಡಬೇಕಾದ್ದು ಇದು. ಕ್ಲಿಪ್ ಹಾಕುವವರು, ಹೋದ ಹಲ್ಲಿನ ಜಾಗದಲ್ಲಿ ಮೂಳೆಗೆ ಸ್ಕ್ರೂ ಕೂರಿಸುವ ಇಂಪ್ಲಾಂಟ್ ಹಾಕುವವರು, ಕಷ್ಟದ ರೂಟ್ ಕೆನಾಲ್ ಮಾಡುವವರು ನಿಗದಿತ ದಿನ ಬಂದು ಹೋಗುತ್ತಾರೆ. ಖಾಯಂ ಖರ್ಚು ಬಹುತೇಕ ಸೊನ್ನೆ, ಬೇಡವಾದರೆ ನಿಲ್ಲಿಸಬಹುದು, ಹೊರಗೆ ಕಳಿಸುತ್ತಿದ್ದ ರೋಗಿ ನಿಮ್ಮಲ್ಲೇ ಉಳಿಯುತ್ತಾರೆ. ತೊಂದರೆ ಇರುವುದು ತಜ್ಞರು ಹೋದ ಮಾರನೆಯ ದಿನ. ರಾತ್ರಿ ಊದಿಕೊಂಡರೆ ಫೋನ್ ಬರುವುದು ನಿಮಗೆ.

ಕ್ಲಿಪ್‌ನ ಹಣದ ಬಗ್ಗೆ ಒಂದು ಎಚ್ಚರ. ಚಿಕಿತ್ಸೆ ಒಂದೂವರೆ, ಎರಡು ವರ್ಷ ನಡೆಯುತ್ತದೆ. ಪೂರ್ತಿ ಹಣ ಮೊದಲೇ ಬಂದರೆ ಆ ತಿಂಗಳು ಹಬ್ಬ, ಮುಂದಿನ ಇಪ್ಪತ್ತು ತಿಂಗಳು ಬಿಟ್ಟಿ ಸೇವೆ. ಭಾಗ ಭಾಗವಾಗಿ ತೆಗೆದುಕೊಳ್ಳುವುದೇ ಇಬ್ಬರಿಗೂ ಕ್ಷೇಮ.

ಹೊಸ ಯಂತ್ರ

ಯಂತ್ರದ ಲೆಕ್ಕ ಎಲ್ಲಕ್ಕಿಂತ ಸರಳ, ಆದರೂ ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ. ತಿಂಗಳ ಕಂತಿಗೆ ನಿರ್ವಹಣೆಯ ಖರ್ಚು ಸೇರಿಸಿ. ಯಂತ್ರವಿದ್ದರಿಂದ ಒಂದು ಕೇಸಿಗೆ ಹೆಚ್ಚುವರಿಯಾಗಿ ಉಳಿಯುವುದೆಷ್ಟೋ ಅದರಿಂದ ಭಾಗಿಸಿ. ತಿಂಗಳಿಗೆ ಅಷ್ಟು ಕೇಸು ಈಗಾಗಲೇ ಇವೆಯೇ? ‘ಯಂತ್ರ ಬಂದರೆ ಕೇಸೂ ಬರುತ್ತವೆ’ ಎಂಬುದು ಮಾರುವವರ ಮಾತು.

ಸಿಬಿಸಿಟಿ ಬೇಕೋ ಬೇಡವೋ ತಿಳಿಯಲು ಕಳೆದ ಆರು ತಿಂಗಳಲ್ಲಿ ಹೊರಗಿನ ಸೆಂಟರ್‌ಗೆ ಬರೆದುಕೊಟ್ಟ ಚೀಟಿಗಳನ್ನು ಎಣಿಸಿ. ತಿಂಗಳಿಗೆ ಎರಡು ಮೂರು ಇಂಪ್ಲಾಂಟ್ ಹಾಕುವವರಿಗೆ ಚೀಟಿಯೇ ಸಾಕು. ಕೆಳದವಡೆಯ ನರ ಎಲ್ಲಿದೆ ಎಂದು ನೋಡಲೇಬೇಕು ನಿಜ, ಅದನ್ನು ಸ್ವಂತ ಯಂತ್ರದಲ್ಲೇ ನೋಡಬೇಕೆಂದಿಲ್ಲ. ಜೊತೆಗೆ ವಿಕಿರಣದ ಅನುಮತಿ, ಅದಕ್ಕೆ ತಕ್ಕ ಕೋಣೆ, ಚಿತ್ರ ಓದುವ ಹೊಣೆ ಎಲ್ಲವೂ ತಲೆಗೆ ಬರುತ್ತವೆ.

ಬಾಯಿಯೊಳಗಿನ ಸ್ಕ್ಯಾನರ್ ಮಾತ್ರ ನನಗೆ ಹೆಚ್ಚು ಇಷ್ಟವಾದ ಖರ್ಚು. ಅಳತೆಯ ಪೇಸ್ಟ್ ಬಾಯಿಗಿಟ್ಟ ಕೂಡಲೇ ಓಕರಿಸುವವರಿಗೆ ಅದು ವರ. ಅಳತೆ ತಪ್ಪಿ ಲ್ಯಾಬ್‌ನಿಂದ ಕ್ಯಾಪ್ ಮತ್ತೆ ಮತ್ತೆ ಮಾಡಿಸುವುದೂ ಕಡಿಮೆಯಾಗುತ್ತದೆ. ತಿಂಗಳಿಗೆ ಎಷ್ಟು ಕ್ಯಾಪ್ ವಾಪಸ್ ಹೋಗುತ್ತಿವೆ ಎಂದು ಮೊದಲು ನೋಡಿ, ಒಂದೋ ಎರಡೋ ಆದರೆ ಸ್ಕ್ಯಾನರ್ ಆರಾಮಕ್ಕೇ ಹೊರತು ಉಳಿತಾಯಕ್ಕಲ್ಲ. ನಿಮ್ಮ ಲ್ಯಾಬ್ ಆ ಸ್ಕ್ಯಾನ್‌ನ ಫೈಲ್ ತೆಗೆದುಕೊಳ್ಳುತ್ತದೆಯೇ, ಸಾಫ್ಟ್‌ವೇರ್‌ಗೆ ವರ್ಷ ವರ್ಷ ಹಣ ಕಟ್ಟಬೇಕೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ.

ಹಿಂದುಳಿದುಬಿಡುತ್ತೇನೆ ಎಂಬ ಭಯದಿಂದ ಕೊಳ್ಳುವವರಿಗೆ ಒಂದು ಸಮಾಧಾನ: ರೋಗಿಯನ್ನು ಚೇರ್‌ನಲ್ಲೇ ಕೂರಿಸಿಕೊಂಡು ಯಂತ್ರದಲ್ಲಿ ಪಿಂಗಾಣಿಯ ಫಿಲ್ಲಿಂಗ್ ಕಡೆದು ಕೂರಿಸುವ ಸೆರೆಕ್ ವಿಧಾನ ಜ್ಯೂರಿಕ್‌ನಲ್ಲಿ ಮೊದಲು ಬಳಕೆಯಾದದ್ದು 1985ರಲ್ಲಿ. ನಲವತ್ತು ವರ್ಷ ಕಳೆದರೂ ಅದಿಲ್ಲದೆ ಚೆನ್ನಾಗಿ ನಡೆಯುತ್ತಿರುವ ಕ್ಲಿನಿಕ್‌ಗಳು ಬೇಕಾದಷ್ಟಿವೆ. ಎರಡು ವರ್ಷ ಕಾದರೆ ಯಂತ್ರ ಸುಧಾರಿಸುತ್ತದೆ.

ನನಗೆ ಯಂತ್ರದ ಸಾಲದಲ್ಲಿ ಹೆದರಿಕೆ ಹುಟ್ಟಿಸುವುದು ಬೇರೆಯೇ. ಕಂತಿನ ದಿನ ಹತ್ತಿರ ಬಂದಾಗ, ಇನ್ನೂ ವರ್ಷ ಕಾಯಬಹುದಾದ ಹಲ್ಲು ಕೂಡ ಇವತ್ತೇ ಚಿಕಿತ್ಸೆ ಬೇಡುವಂತೆ ಕಾಣತೊಡಗುತ್ತದೆ. ರೋಗ ಪತ್ತೆ ಮಾಡುವುದು ಡಾಕ್ಟರಾಗಿರಬೇಕು, ಬ್ಯಾಂಕ್ ಅಲ್ಲ.

ಇನ್ನೊಂದು ಶಾಖೆ, ಅಥವಾ ನಡೆಯುತ್ತಿರುವ ಕ್ಲಿನಿಕ್ ಕೊಳ್ಳುವುದು

ಹೊಸ ಶಾಖೆ ಎಂದರೆ ಎರಡನೇ ಚೇರ್‌ನ 40ರ ಲೆಕ್ಕವೇ, ಆದರೆ ಆ 40ರಲ್ಲಿ ಈಗ ಬಾಡಿಗೆ, ರಿಸೆಪ್ಶನ್, ಎಕ್ಸ್‌ರೇ, ಆಟೋಕ್ಲೇವ್ ಎಲ್ಲವೂ ಇನ್ನೊಂದು ಸಲ. ನೀವು ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ ಎಂದು ಹಂಚಿಕೊಂಡರೆ ಬೆಳೆದದ್ದು ಬಾಡಿಗೆ ಮಾತ್ರ, ಎರಡೂ ಕಡೆ ಅರ್ಧ ವಾರ ಚೇರ್ ಖಾಲಿ. ಮೊದಲ ಕ್ಲಿನಿಕ್ ನಿಮ್ಮನ್ನು ಬಿಟ್ಟು ಒಂದು ತಿಂಗಳು ನಡೆದು ತೋರಿಸಿದೆಯೇ? ಇಲ್ಲವಾದರೆ ಎರಡನೆಯದರ ಮಾತು ಬೇಡ.

ನಡೆಯುತ್ತಿರುವ ಕ್ಲಿನಿಕ್ ಕೊಂಡರೆ ಮೊದಲ ದಿನದಿಂದಲೇ ರೋಗಿಗಳಿರುತ್ತಾರೆ, ಬೆಲೆ ಮಾತ್ರ ಹೆಚ್ಚು. ಮಾರುವವರು ‘ಎಂಟು ಸಾವಿರ ಫೈಲ್ ಇದೆ’ ಅನ್ನುತ್ತಾರೆ. ಫೈಲ್ ಎಣಿಸಬೇಡಿ, ಕಳೆದ 18 ತಿಂಗಳಲ್ಲಿ ಒಮ್ಮೆಯಾದರೂ ಬಂದವರನ್ನು ಎಣಿಸಿ. ಆಮೇಲೆ ಕ್ಲಿಪ್ ರೋಗಿಗಳ ಪಟ್ಟಿ ಕೇಳಿ: ಪೂರ್ತಿ ಹಣ ಕಟ್ಟಿ ಅರ್ಧ ಚಿಕಿತ್ಸೆ ಮುಗಿದವರು ಎಷ್ಟು? ಹಣ ಹಳೆಯ ಮಾಲೀಕರ ಜೇಬಿಗೆ ಹೋಗಿದೆ, ಕೆಲಸ ನಿಮ್ಮ ತಲೆಗೆ ಬರುತ್ತದೆ. ಸ್ಕ್ರೂ ಹಾಕಿ ಮೂಳೆಗೆ ಹತ್ತಲೆಂದು ಬಿಟ್ಟಿರುವ ಇಂಪ್ಲಾಂಟ್‌ಗಳದ್ದೂ ಹಾಗೆಯೇ. ಈ ಮೊತ್ತವನ್ನು ಬೆಲೆಯಿಂದ ಕಳೆಯಿಸಿ. ಹಳೆಯ ಡಾಕ್ಟರು ಕೆಲವು ತಿಂಗಳು ಜೊತೆಗಿದ್ದು, ‘ಇನ್ನು ಇವರೇ ನೋಡ್ತಾರೆ’ ಎಂದು ರೋಗಿಗಳ ಕೈಯನ್ನು ನಿಮ್ಮ ಕೈಗೆ ಕೊಟ್ಟು ಹೋಗುವುದಾದರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಜನ ನಂಬುವುದು ಬೋರ್ಡನ್ನಲ್ಲ, ನೋವಾಗದಂತೆ ಇಂಜೆಕ್ಷನ್ ಕೊಟ್ಟ ಕೈಯನ್ನು.

ಯಾರಿಗೆ ಯಾವುದು

ಮೊದಲ ಸಾಲ ಇನ್ನೂ ತೀರದೆ, ನೋಟ್‌ಬುಕ್‌ನಲ್ಲಿ 35 ಗಂಟೆಗಿಂತ ಕಡಿಮೆ ಬಂದವರು ಏನನ್ನೂ ಕೊಳ್ಳಬೇಡಿ. ಡ್ರಾಯರ್‌ನ ಡಬ್ಬಿಗಳಿಂದ ಶುರುಮಾಡಿ, ತಿಂಗಳಿಗೆರಡು ದಿನ ತಜ್ಞರನ್ನು ಕರೆಸಿ. ಗಂಟೆಗಳು ತುಂಬಿದ್ದು ಮೈಯಲ್ಲಿ ಶಕ್ತಿ ಇರುವವರಿಗೆ, ತಾವೇ ಓಡಾಡುವ ಎರಡನೇ ಚೇರ್‌ನಷ್ಟು ಅಗ್ಗದ ಬೆಳವಣಿಗೆ ಇನ್ನೊಂದಿಲ್ಲ. ಗಂಟೆಗಳು ತುಂಬಿ ಬೆನ್ನೂ ಬಾಗಿದವರು ಉಳಿಕೆ ಅರ್ಧವಾದರೂ ಸರಿ, ಇನ್ನೊಬ್ಬ ಡಾಕ್ಟರನ್ನು ತನ್ನಿ. ಶಾಖೆ ಆಡಳಿತದ ಕೆಲಸ ಇಷ್ಟಪಡುವವರಿಗೆ. ಸಂಬಳದ ಪಟ್ಟಿ, ರಜೆಯ ಜಗಳ, ನಲ್ಲಿ ರಿಪೇರಿ ಕೇಳಿದರೆ ತಲೆನೋವು ಬರುವವರು ಚೇರ್ ಪಕ್ಕದಲ್ಲೇ ಸುಖವಾಗಿರುತ್ತಾರೆ.

ವೃತ್ತಿಯ ಕೊನೆಯ ಹತ್ತು ವರ್ಷಗಳಲ್ಲಿರುವವರಿಗೆ ಇನ್ನೂ ಒಂದು ದಾರಿಯಿದೆ, ಡೆಂಟಲ್ ಸರಪಳಿ ಕಂಪನಿಗೆ ಮಾರುವುದು. ಖರೀದಿ, ಲೆಕ್ಕಪತ್ರ, ಜಾಹೀರಾತು ಅವರ ಪಾಲಿಗೆ, ಹಲ್ಲು ನಿಮ್ಮ ಪಾಲಿಗೆ. ಸಾಮಾನ್ಯವಾಗಿ ಒಂದು ಪಾಲು ಹಣ ಕೈಗೆ ಕೊಟ್ಟು, ಉಳಿದದ್ದನ್ನು ಮುಂದಿನ ಕೆಲವು ವರ್ಷ ನೀವು ಅಲ್ಲೇ ದುಡಿದು ತೋರಿಸಿದ ವಹಿವಾಟಿಗೆ ಕಟ್ಟಿಹಾಕುತ್ತಾರೆ. ಯಾವ ಲ್ಯಾಬ್, ಯಾವ ಇಂಪ್ಲಾಂಟ್ ಎಂಬುದು ನಿಮ್ಮ ಕೈಯಲ್ಲೇ ಉಳಿಯುತ್ತದೆಯೇ, ಮಧ್ಯದಲ್ಲಿ ಬಿಟ್ಟರೆ ಎಷ್ಟು ದೂರದೊಳಗೆ ಎಷ್ಟು ವರ್ಷ ಬೇರೆ ಕ್ಲಿನಿಕ್ ತೆರೆಯುವಂತಿಲ್ಲ ಎಂಬುದನ್ನು ಸಹಿ ಹಾಕುವ ಮೊದಲು ನಿಮ್ಮದೇ ವಕೀಲರಿಂದ ಓದಿಸಿ. ಕಂಪನಿಯವರು ಕಳಿಸಿಕೊಟ್ಟ ವಕೀಲರಿಂದಲ್ಲ.